ಚೌಚೌಬಾತಿಗೆ ಬಿದ್ದ ಕೆಂಪು ಗೀಟು

ನೋಟಿಸ್ ಬೋರ್ಡಿನಲ್ಲಿ ಹದಿನೆಂಟು ಹೆಸರುಗಳಿದ್ದವು. ಕೆಂಪು ಗೀಟು ಬಿದ್ದಿದ್ದು ಅನ್ನಪೂರ್ಣಳ ಹೆಸರಿನ ಕೆಳಗೆ ಮಾತ್ರ. ಹಿಂದಿನ ದಿನ ಜಯನಗರದ ಆ ಕಚೇರಿಗೆ ಬಂದ ಡಾಕ್ಟರು ಎಲ್ಲರನ್ನೂ ತೂಕದ ಮಿಷನ್ ಹತ್ತಿಸಿ, ಅದಕ್ಕೆ ‘ದೇಹಗಾತ್ರದ ಅಧ್ಯಯನ’ ಎಂದು ಹೆಸರಿಟ್ಟಿದ್ದರು. ಗೀಟು ಬಿದ್ದವರಿಗೆ ಕ್ಯಾಂಟೀನಿನಲ್ಲಿ ಇನ್ನು ಚೌಚೌಬಾತ್ ಇಲ್ಲ, ಮೊಳಕೆ ಹೆಸರುಕಾಳು.

ಹನ್ನೊಂದಕ್ಕೆ ಖಾರಾಬಾತ್, ಕೇಸರಿಬಾತ್ ಒಂದೇ ತಟ್ಟೆಯಲ್ಲಿ ಅಕ್ಕಪಕ್ಕ ಕೂತು ಬರದಿದ್ದರೆ ಅನ್ನಪೂರ್ಣಳ ಟೈಪ್‌ರೈಟರೇ ಓಡುತ್ತಿರಲಿಲ್ಲ. ಅವಳು ಟೋಕನ್ ಕೊಟ್ಟಾಗ ಕ್ಯಾಂಟೀನಿನ ರೇಣುಕವ್ವ ಕಣ್ಣು ತಪ್ಪಿಸಿ ಕಾಳಿನ ಬಟ್ಟಲು ಸರಿಸಿದಳು. ಒಣಹಾಕಿದ ಪಂಚೆಯಂತಿದ್ದ ಗುಮಾಸ್ತ ಬದರಿನಾಥ, ತನ್ನ ಚೌಚೌಬಾತ್ ಮೆಲ್ಲುತ್ತಲೇ ಬಿಸಿನೀರಿಗೆ ಜೇನು ಬೆರೆಸುವ ಉಪದೇಶ ಶುರುಮಾಡಿದ. ಯಡಿಯೂರು ಕೆರೆಯನ್ನು ದಿನಾ ಎಷ್ಟು ಸುತ್ತು ಹಾಕಬೇಕೆಂದು ಉಳಿದವರಲ್ಲಿ ಚರ್ಚೆಯಾಯಿತು. ಹೆಸರಲ್ಲೇ ಅನ್ನ ಇದೆಯಲ್ಲ ಎಂದು ಯಾರೋ ನಕ್ಕರು. ಆ ಜೋಕನ್ನು ಅವಳು ಎರಡನೇ ಕ್ಲಾಸಿನಿಂದ ಕೇಳುತ್ತಾ ಬಂದಿದ್ದಳು.

ಬಟ್ಟಲು ಎತ್ತಿಕೊಂಡು ನೇರ ಸಾಹೇಬರ ಕೋಣೆಗೆ ನಡೆದಳು. ವರದಿ ಕೊಡಲು ಬಂದಿದ್ದ ಡಾಕ್ಟರು ಅಲ್ಲೇ ಕೂತಿದ್ದರು.

“ಡಾಕ್ಟ್ರೇ, ನನ್ನ ಬಿಪಿ ನೋಡಿದ್ರಾ?”

“ತೂಕ ನೋಡಿದ್ಮೇಲೆ ಇನ್ನೇನ್ ನೋಡೋದು ಮೇಡಂ?”

“ದಪ್ಪ ಅಂದ್ರೆ ಕಾಯಿಲೆ ಅಂತ ಮೊದ್ಲೇ ಬರ್ಕೊಂಡು ಆಮೇಲೆ ಅಳೆದ್ರೆ ಅದ್ಯಾವ ಸೀಮೆ ಅಧ್ಯಯನ ಸಾರ್? ನನ್ನ ಜೊತೆ ಬದರಿನಾಥ್ ಅವ್ರನ್ನೂ ಮೂರು ಮಹಡಿ ಹತ್ತಿಸಿ ನೋಡಿ.”

ಹತ್ತಿಸಿದರು. ಅನ್ನಪೂರ್ಣ ಎರಡು ಕಟ್ಟು ಕಡತ ಹೊತ್ತು, ಮಗಳ ಪರೀಕ್ಷೆಯ ಸುದ್ದಿ ಹೇಳುತ್ತಲೇ ಹತ್ತಿದಳು. ಬದರಿನಾಥ ಎರಡನೇ ಮಹಡಿಯಲ್ಲೇ ಪಂಕ್ಚರ್ ಆದ ಸೈಕಲ್ಲಿನಂತೆ ಉಸ್ಸೆಂದು ಕೂತ. ಡಾಕ್ಟರು ಅಳೆದಾಗ ಬಿಪಿ ಏರಿದ್ದೂ ಅವನದೇ.

“ದಪ್ಪ, ಸಣ್ಣ ಅಂತ ಭೇದ ಮಾಡ್ಬಾರ್ದಿತ್ತು,” ಎಂದರು ಡಾಕ್ಟರು. “ಇವತ್ತೇ ಸರಿಮಾಡ್ತೀನಿ. ನಿಮ್ಮ ಮಾತಲ್ಲಿ ತೂಕ ಇದೆ ಮೇಡಂ.”

“ಅಲ್ಲೂ ತೂಕಾನೇ ನೋಡಿದ್ರಾ ಸಾರ್?”

ಮಧ್ಯಾಹ್ನದೊಳಗೆ ಬೋರ್ಡಿನ ಪಟ್ಟಿಯೇ ಮಾಯವಾಗಿತ್ತು. ನಾಲ್ಕರ ಟೀ ಹೊತ್ತಿಗೆ ಅನ್ನಪೂರ್ಣ ಮದುವಣಗಿತ್ತಿಯಂತೆ ಕ್ಯಾಂಟೀನಿಗೆ ಬಂದು ಟೋಕನ್ ಚಾಚಿದಳು. ರೇಣುಕವ್ವ ಮತ್ತೆ ಕಾಳಿನ ಬಟ್ಟಲನ್ನೇ ಸರಿಸಿದಳು.

“ನನ್ನ ಗೀಟು ತೆಗೆದ್ರಲ್ಲಾ ರೇಣುಕವ್ವ?”

“ಹೌದ್ರೀ ಅಕ್ಕಾರ. ಭೇದ ಬ್ಯಾಡ ಅಂತ ನೀವೇ ಅಂದ್ರಂತಲ್ರೀ. ಇವತ್ತಿಂದ ಎಲ್ಲಾರ್ಗೂ ಕಾಳು.”

ಅನ್ನಪೂರ್ಣ ತಿರುಗಿ ನೋಡಿದಳು. ಹದಿನೇಳು ಜನ ಹದಿನೇಳು ಬಟ್ಟಲುಗಳ ಮುಂದೆ ಕೂತು ಅವಳನ್ನೇ ದಿಟ್ಟಿಸುತ್ತಿದ್ದರು.

ಅಂದಿನಿಂದ ಆ ಕಚೇರಿಯಲ್ಲಿ ಅವಳ ಗಾತ್ರದ ಬಗ್ಗೆ ಯಾರೂ ಮಾತಾಡಿದ್ದಿಲ್ಲ. ಅವಳ ಜೊತೆಗೂ ಮಾತಾಡಿದ್ದಿಲ್ಲ.