ಹದಿನಾಲ್ಕು ಡಬ್ಬಿ ನಿಂಜಾ

ಭಾಗ್ಯಶ್ರೀ: ಹದಿನಾಲ್ಕರಾಗ ಒಂದ ಡಬ್ಬಿರೀ, ಒಂದ! ನಮ್ಮ ಅಕ್ಕನ ಮೊಮ್ಮಗಳ ಹುಟ್ಟಿದಹಬ್ಬ ಐತಿ. ತಿಳವಳ್ಳಿಗೆ ಬರಿಗೈಲೆ ಹೋಗ್ಲೇನು?

ಕೊಟ್ರೇಶ: ಬರಿಗೈಲೆ ಯಾಕ ಹೋಗ್ತಿ? ಒಂದ ಫ್ರಾಕ್ ತಗೊಂಡು ಹೋಗು. ಆ ಡಬ್ಬಿಗೆ ಮಾತ್ರ ಕೈ ಹಚ್ಚಬ್ಯಾಡ.

ಭಾಗ್ಯಶ್ರೀ: ಮಕ್ಕಳು ಆಡೋ ಸಾಮಾನ ಮಕ್ಕಳಿಗೆ ಕೊಡಬಾರ್ದಂದ್ರ ಮತ್ಯಾರಿಗೆ ಕೊಡೂದು?

ಕೊಟ್ರೇಶ: ಯಾರಿಗೂ ಕೊಡೂದಲ್ಲ, ಇಡೂದು. ಇಟ್ಟಷ್ಟೂ ಬೆಳೀತೈತಿ.

ಭಾಗ್ಯಶ್ರೀ: ಬೆಳ್ಯಾಕ ಅದೇನ್ ಕುಂಬಳಕಾಯೇನು?

ಅಕ್ಕಿಆಲೂರಿನ ಕಾಳಿನ ವ್ಯಾಪಾರಿ ಕೊಟ್ರೇಶನ ಮಲಗುವ ಕೋಣೆಯಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ ಈ ಜಗಳ ನಡೆದಿತ್ತು. ಗಂಡ ಹೆಂಡತಿಯ ನಡುವೆ ಮಂಚ. ಮಂಚದ ಕೆಳಗೆ, ನೆಲದ ತಂಪು ತಾಗದಂತೆ ಹಲಗೆ ಹಾಕಿ, ಅದರ ಮೇಲೆ ಎರಡು ಸಾಲಾಗಿ ಹದಿನಾಲ್ಕು ಡಬ್ಬಿ. ನಡುನಡುವೆ ಬೇವಿನ ಎಲೆ, ಮೇಲೊಂದು ಕೌದಿ. ಒಳಗಿರುವುದು ಒಂದಕ್ಕೊಂದು ಸಿಕ್ಕಿಸಿ ಕಟ್ಟುವ ಪ್ಲಾಸ್ಟಿಕ್ ತುಂಡುಗಳು. ಕಟ್ಟಿ ಮುಗಿಸಿದರೆ ಮುಸುಕು ಹಾಕಿದ ನಿಂಜಾ ವೀರರು, ಅವರದೊಂದು ಗುಡಿ, ಗುಡಿಯ ಮೇಲೊಂದು ಡ್ರ್ಯಾಗನ್ನು. ಕಂಪನಿಯವರು ಇವನ್ನು ತಯಾರಿಸುವುದು ನಿಲ್ಲಿಸಿದ ಮೇಲೆ, ಸೀಲು ಒಡೆಯದ ಡಬ್ಬಿಗೆ ಎರಡು ಪಟ್ಟು ಮೂರು ಪಟ್ಟು ಬೆಲೆ ಬರುತ್ತದೆಂದು ಮೊಬೈಲಿನಲ್ಲಿ ಒಬ್ಬ ಹೇಳಿದ್ದ. ಅವನು ಯಾರು, ಎಲ್ಲಿಯವನು ಎಂಬುದು ಕೊಟ್ರೇಶನಿಗೆ ಗೊತ್ತಿರಲಿಲ್ಲ. ಒಳ್ಳೆಯ ಶರ್ಟು ಹಾಕಿದ್ದ, ಅಷ್ಟು ಸಾಕಾಗಿತ್ತು.

ಡಬ್ಬಿಗಳಿಗೆ ಸುರಿದ ದುಡ್ಡು ಭಾಗ್ಯಶ್ರೀಯ ರೊಟ್ಟಿ ಮಷೀನಿಗೆಂದು ತೆಗೆದಿಟ್ಟದ್ದು. ಹೀಗಾಗಿ ಜಗಳ ಎಲ್ಲಿಂದ ಹೊರಟರೂ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತಿತ್ತು.

ಭಾಗ್ಯಶ್ರೀ: ಸೋಮವಾರ ಶಿಗ್ಗಾಂವಿ ಖಾನಾವಳಿಯವರು ಮಾತು ಪಕ್ಕಾ ಮಾಡಾಕ ಬರ್ತಾರ. ದಿನಾ ಇನ್ನೂರು ಖಡಕ್ ರೊಟ್ಟಿ ಬೇಕಂತ. ಕೈಲೆ ಬಡದು ಕೊಡ್ಲೇನು? ಈ ಬಲಗೈ ನೋಡ್ರಿ, ಭುಜದ ಮ್ಯಾಲೆ ಎತ್ತಾಕ ಬರವಲ್ದು.

ಕೊಟ್ರೇಶ: ಮೂರ ವರ್ಷ ತಡಿ. ಒಂದಲ್ಲ, ಮೂರ ಮಷೀನ್ ಕೊಡಸ್ತೇನಿ.

ಭಾಗ್ಯಶ್ರೀ: ಮೂರ ವರ್ಷಕ್ಕ ಮಷೀನ್ ಇರ್ತೈತಿ, ಖಾನಾವಳೀನೂ ಇರ್ತೈತಿ. ಈ ಕೈ ಇರಾಂಗಿಲ್ಲ.

ಕೊಟ್ರೇಶ: ವ್ಯಾಪಾರದಾಗ ತಾಳ್ಮಿ ಬೇಕು. ಗೊಂಜಾಳ ಇಟ್ರ ಹುಳ ಹಿಡೀತೈತಿ, ಭತ್ತ ಇಟ್ರ ಇಲಿ ತಿಂತಾವು. ನಿಂಜಾಕ್ಕ ಹುಳ ಹಿಡಿಯಾಂಗಿಲ್ಲ.

ಭಾಗ್ಯಶ್ರೀ: ಹೌದು. ಹುಳ ಹಿಡಿದಿದ್ದು ನಿಂಜಾಕ್ಕಲ್ಲ, ಅದನ್ನ ತಂದವರ ತಲಿಗೆ.

ಕೊಟ್ರೇಶ ಬಗ್ಗಿ ಕೌದಿಯ ಅಂಚು ಸರಿಮಾಡಿದ. ಅಷ್ಟರಲ್ಲಿ ಎಲೆ ಅಡಿಕೆಯ ಚೀಲ ಹಿಡಿದುಕೊಂಡು ಅವನ ತಾಯಿ ಅನ್ನವ್ವ ಬಾಗಿಲಿಗೆ ಬಂದಳು. ಎಂಬತ್ತು ದಾಟಿದ ಮುದುಕಿ, ಕಿವಿ ಮಾತ್ರ ಬಲು ಚುರುಕು. ಪಡಸಾಲೆಯಲ್ಲಿ ಕುಳಿತೇ ಜಗಳವನ್ನೆಲ್ಲ ಕೇಳಿಕೊಂಡಿದ್ದಳು.

ಅನ್ನವ್ವ: ಕೊಟ್ರ್ಯಾ, ಆ ಮುಖ ಮುಚ್ಚಿಕೊಂಡವರು ಇನ್ನೂ ಮಂಚದ ಕೆಳಗ ಅದಾರೇನೋ?

ಕೊಟ್ರೇಶ: ಅದಾರಬೇ.

ಅನ್ನವ್ವ: ಮುಖ ಮುಚ್ಚಿಕೊಂಡು, ಕತ್ತಿ ಹಿಡಕೊಂಡು ಮಂಚದ ಕೆಳಗ ಅಡಗಿದವರನ್ನ ನಮ್ಮ ಕಾಲದಾಗ ಕಳ್ಳರು ಅಂತಿದ್ವಿ. ನೀ ದುಡ್ಡು ಕೊಟ್ಟು ಕರ್ಕೊಂಡು ಬಂದಿ.

ಕೊಟ್ರೇಶ: ಅವರು ಕಳ್ಳರಲ್ಲಬೇ, ಕಳ್ಳರನ್ನ ಹಿಡಿಯೋರು. ಬರೋ ವರ್ಷ ಕಂಪನಿ ಅವರನ್ನ ರಿಟೈರ್ ಮಾಡ್ತೈತಿ. ಆವಾಗ ನೋಡು ಅವರ ಕಿಮ್ಮತ್ತು!

ಅನ್ನವ್ವ: ರಿಟೈರ್ ಆದ್ರ ಪೆನ್ಶನ್ ಬರ್ತೈತೇನು?

ಭಾಗ್ಯಶ್ರೀ: ಬರ್ತೈತ್ರೀ ಅತ್ತಿ. ಕೊಡೋರು ನಾವು.

ಕೊಟ್ರೇಶ: ನಗ್ರಿ, ಇಬ್ರೂ ಕೂಡಿ ನಗ್ರಿ. ನಾ ಏನ್ ಕಣ್ಣ ಮುಚ್ಚಿಕೊಂಡು ಮಾಲು ತಂದೇನೇನು? ಇಪ್ಪತ್ತೈದು ವರ್ಷ ಆತು ಅಂಗಡಿ ಹಾಕಿ. ಸ್ಯಾಂಪಲ್ ನೋಡದ ಒಂದ ಕಾಳು ತಗೊಂಡಾಂವಲ್ಲ.

ಭಾಗ್ಯಶ್ರೀ: ಗೊತ್ತೈತಿ ಬಿಡ್ರಿ. ನನ್ನ ನೋಡಾಕ ರಟ್ಟೀಹಳ್ಳಿಗೆ ಬಂದಾಗ ನನ್ನ ಮುಖ ನೋಡೂಕಿಂತ ಮೊದಲ ನಾ ಬಡದ ರೊಟ್ಟಿ ಮುರದು ನೋಡಿದ್ರಿ.

ಕೊಟ್ರೇಶ: ನೋಡಿದ್ದಕ್ಕ ಏನ್ ತಪ್ಪಾತು? ಮಾಲು ಚಲೋ ಇತ್ತು.

ಭಾಗ್ಯಶ್ರೀಗೆ ನಗು ಬಂತು. ಆದರೆ ಒಂದು ನಗುವಿಗೆ ಒಂದು ರೊಟ್ಟಿ ಮಷೀನು ಬಿಟ್ಟುಕೊಡುವಷ್ಟು ಅಗ್ಗದವಳಲ್ಲ ಅವಳು. ಮುಖ ಆಚೆ ತಿರುಗಿಸಿ ನಗು ನುಂಗಿದಳು. ಅದೇ ಗಳಿಗೆಗೆ ಕೊಟ್ರೇಶನ ಮೊಬೈಲು ರಿಂಗಾಯಿತು. ಡಬ್ಬಿಗಳ ಫೋಟೋ ತೆಗೆದು ಅವನು ಮೊನ್ನೆಯಷ್ಟೇ ವ್ಯಾಪಾರಸ್ಥರ ಗುಂಪಿಗೆ ಹಾಕಿದ್ದ. ಸವಣೂರಿನಲ್ಲಿ ಬಳೆ ಮತ್ತು ಆಟಿಕೆಗಳ ಅಂಗಡಿ ಇಟ್ಟಿರುವ ಮುಮ್ತಾಜಬೇಗಂ ಈಗ ವಿಡಿಯೋದಲ್ಲಿ ಕಾಣಿಸಿಕೊಂಡಳು.

ಮುಮ್ತಾಜಬೇಗಂ: ನಮಸ್ಕಾರ್ರೀ ಸಾವ್ಕಾರ್ರ. ನಿಂಜಾ ಡಬ್ಬಿ ಇನ್ನೂ ಅದಾವೇನ್ರಿ?

ಕೊಟ್ರೇಶ: ಅದಾವ್ರಿ ಅಕ್ಕಾರ, ಹದಿನಾಲ್ಕೂ ಅದಾವು. ಆದ್ರ ನಾ ಮೂರ ವರ್ಷ ಇಡಾಂವ ಅದೇನಿ.

ಮುಮ್ತಾಜಬೇಗಂ: ಇಡೋರು ಫೋಟೋ ಯಾಕ ಹಾಕ್ತೀರಿ? ನನಗೊಬ್ಬ ಗಿರಾಕಿ ಸಿಕ್ಕಾರ. ಅವರು ಆಡೋರಲ್ಲ, ಕೂಡಿಡೋರು. ಈ ನಮೂನಿ ಈಗ ಅಂಗಡ್ಯಾಗ ಸಿಗವಲ್ದಂತ. ಸೀಲ್ ಒಡದಿರಬಾರ್ದು, ಡಬ್ಬಿ ನೆಗ್ಗಿರಬಾರ್ದು. ಹಂಗ ಇದ್ರ ನೀವು ಕೊಂಡ ರೇಟಿನ ಮ್ಯಾಲೆ ಅರ್ಧ ಜಾಸ್ತಿ ಕೊಡ್ತಾರ.

ಅನ್ನವ್ವ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದಳು. ಕೊಟ್ರೇಶ ಹೆಂಡತಿಯತ್ತ ತಿರುಗಿ ಹುಬ್ಬು ಹಾರಿಸಿದ. ತಂದು ತಿಂಗಳಾಗಿಲ್ಲ, ಆಗಲೇ ಅರ್ಧ ಜಾಸ್ತಿ! ಇಡೀ ಅಕ್ಕಿಆಲೂರಿನಲ್ಲಿ ತನ್ನಂಥ ವ್ಯಾಪಾರಿ ಇಲ್ಲವೆಂದು ಅವನಿಗೆ ಮೊದಲಿನಿಂದಲೂ ಗುಮಾನಿ ಇತ್ತು, ಈಗ ಖಾತ್ರಿಯಾಯಿತು.

ಭಾಗ್ಯಶ್ರೀ: (ಪಿಸುಮಾತಿನಲ್ಲಿ) ಹೂಂ ಅನ್ರಿ. ಮಷೀನ್ ಬಂದೂ ಉಳೀತೈತಿ.

ಕೊಟ್ರೇಶ: (ಪಿಸುಮಾತಿನಲ್ಲಿ) ಹುಳ ಯಾರ ತಲಿಗೆ ಹಿಡಿದಿತ್ತು?

ಭಾಗ್ಯಶ್ರೀ: (ಪಿಸುಮಾತಿನಲ್ಲಿ) ನನ್ನ ತಲಿಗೇ ಅಂತ ತಿಳಕೋರಿ. ಮೊದಲ ಹೂಂ ಅನ್ರಿ!

ಕೊಟ್ರೇಶ ಒಂದು ಡಬ್ಬಿ ಎತ್ತಿ ಮೊಬೈಲಿನ ಮುಂದೆ ಹಿಡಿದ. ಮುಂಭಾಗ ತೋರಿಸಿದ, ಮೇಲಿನ ಸೀಲು ತೋರಿಸಿದ.

ಮುಮ್ತಾಜಬೇಗಂ: ಮಾಶಾಲ್ಲಾ! ಚಲೋ ಇಟ್ಟೀರಿ. ಆದ್ರ ಒಳಗ ಮಾಲು ಪೂರಾ ಐತೋ ಇಲ್ಲೋ ಯಾರ ಕಂಡಾರ? ಕಂಪನಿ ಮ್ಯಾಲೆ ನಂಬಿಕಿ ಅಷ್ಟ.

ಇಲ್ಲಿ ಕೊಟ್ರೇಶ ಸುಮ್ಮನಿದ್ದಿದ್ದರೆ ಈ ಕಥೆ ಬೇರೆ ದಾರಿ ಹಿಡಿಯುತ್ತಿತ್ತು. ಆದರೆ ಹೊಗಳಿಕೆ ಕಿವಿಗೆ ಬಿದ್ದ ಮೇಲೆ ಸುಮ್ಮನಿರುವುದು ಅವನ ಜಾಯಮಾನವಲ್ಲ.

ಕೊಟ್ರೇಶ: ನಂಬಿಕಿ ಮ್ಯಾಲೆ ವ್ಯಾಪಾರ ಮಾಡಾಂವಲ್ರಿ ನಾ! ಒಂದೊಂದೂ ನೋಡೇ ಇಟ್ಟೇನಿ.

ಮುಮ್ತಾಜಬೇಗಂ: ನೋಡಿ ಅಂದ್ರ? ಸೀಲ್ ಒಡೀದ ಹೆಂಗ ನೋಡಿದ್ರಿ?

ಕೊಟ್ರೇಶ: ಅದ ನೋಡ್ರಿ ಹಿಕ್ಮತ್ತು!

ಅವನು ಡಬ್ಬಿಯನ್ನು ತಿರುವಿ ಹಿಂಭಾಗದ ಮೂಲೆ ತೋರಿಸಿದ. ಅಲ್ಲಿ ಅಂದವಾಗಿ ಕತ್ತರಿಸಿ ಅಂಟಿಸಿದ ಒಂದು ಕಂದು ಕಾಗದವಿತ್ತು. ಅದನ್ನು ಉಗುರಿನಿಂದ ಎಬ್ಬಿಸಿದ. ಕೆಳಗೆ ಎಂಟಾಣೆ ಅಗಲದ ದುಂಡನೆಯ ತೂತು. ಆಮೇಲೆ ಟ್ರೆಜರಿ ಕಪಾಟಿನ ಮೇಲಿನಿಂದ ತನ್ನ ಕೊಳವೆಯನ್ನು ತೆಗೆದು ತೋರಿಸಿದ. ತುದಿ ಚೂಪಾದ, ಒಳಗೆ ಟೊಳ್ಳಾದ ಕಬ್ಬಿಣದ ಕೊಳವೆ. ಕಾಳಿನ ಚೀಲಕ್ಕೆ ಚುಚ್ಚಿದರೆ, ಹೊಲಿದ ಬಾಯಿ ಬಿಚ್ಚದೆಯೇ ಒಂದು ಹಿಡಿ ಕಾಳು ಹೊರಗೆ ಬರುತ್ತದೆ. ಇಪ್ಪತ್ತೈದು ವರ್ಷದಿಂದ ಅವನ ಬಲಗೈ ಅದಕ್ಕೆ ಒಗ್ಗಿಹೋಗಿತ್ತು.

ಕೊಟ್ರೇಶ: ನೋಡಿದ್ರಿಲ್ಲೋ? ಮ್ಯಾಲಿನ ಬಾಯಿ ಮುಟ್ಟೇ ಇಲ್ಲ!

ಮುಮ್ತಾಜಬೇಗಂ: ಸಾವ್ಕಾರ್ರ... ಡಬ್ಬಿಗೆ ಚುಚ್ಚಿದ್ರಿ?

ಕೊಟ್ರೇಶ: ಚುಚ್ಚದ ಹೆಂಗ ಗೊತ್ತಾಗಬೇಕ್ರಿ? ಬಾಯಿ ಬಿಚ್ಚಿದ್ರ ಸೀಲ್ ಒಡದಂಗ. ಚುಚ್ಚಿದ್ರ ಒಡದಂಗಲ್ಲಲ್ರಿ!

ಮುಮ್ತಾಜಬೇಗಂ: ಗೋಣಿಚೀಲಕ್ಕ ಚುಚ್ಚಿದ್ರ ನೂಲು ಮತ್ತ ಕೂಡ್ಕೊಂತೈತಿ. ರಟ್ಟಿನ ಡಬ್ಬಿ ಕೂಡ್ಕೊಂತೈತೇನ್ರಿ?

ಕೊಟ್ರೇಶ ತೂತನ್ನು ನೋಡಿದ. ಬೆರಳು ಇಟ್ಟು ತಿಕ್ಕಿ ನೋಡಿದ. ಕೂಡಿಕೊಳ್ಳಲಿಲ್ಲ.

ಮುಮ್ತಾಜಬೇಗಂ: ಎಷ್ಟ ಡಬ್ಬಿಗೆ ಚುಚ್ಚೀರಿ?

ಕೊಟ್ರೇಶ: (ಧ್ವನಿ ಇಳಿಸಿ) ಒಂದ ಚೀಲ ನೋಡಿ ಇಡೀ ಲಾಟ್ ತಗೊಳ್ಳೋದು ಕಚ್ಚಾ ವ್ಯಾಪಾರಿ ಲಕ್ಷಣ್ರಿ. ನಾ ಹದಿನಾಲ್ಕಕ್ಕೂ ನೋಡೇನಿ.

ಮೊಬೈಲಿನಲ್ಲಿ ಮುಮ್ತಾಜಬೇಗಂಳ ಮುಖ ಹೋಗಿ ಅವಳ ಅಂಗಡಿಯ ಫ್ಯಾನು ಕಾಣತೊಡಗಿತು. ನಗುವಿನ ಸದ್ದು ಮಾತ್ರ ಬರುತ್ತಿತ್ತು. ಇತ್ತ ಭಾಗ್ಯಶ್ರೀ ಬಗ್ಗಿ ಒಂದೊಂದೇ ಡಬ್ಬಿ ತೆಗೆದು ಹಿಂಭಾಗ ನೋಡಿ ಮಂಚದ ಮೇಲೆ ಇಡುತ್ತ ಹೋದಳು. ಐದನೆಯದನ್ನು ಬಲಗೈಯಿಂದ ಎತ್ತಲಾಗದೆ ಎಡಗೈಯ ಆಸರೆ ಕೊಟ್ಟಳು. ಕೊಟ್ರೇಶನಿಗೆ ನಾಚಿಕೆಯಾಯಿತು. ಹದಿನಾಲ್ಕು ಡಬ್ಬಿಯನ್ನು ಅಷ್ಟು ಜೋಪಾನವಾಗಿ ಪರೀಕ್ಷಿಸಿದ ತಾನು ಆ ಕೈಯನ್ನು ಒಂದು ಸಲವೂ ಸರಿಯಾಗಿ ನೋಡಿರಲಿಲ್ಲ.

ಕೊಟ್ರೇಶ: ಭಾಗ್ಯಾ, ಬೈದುಬಿಡು. ನನ್ನಂಥಾ ಶಾಣ್ಯಾ ಹಾನಗಲ್ ತಾಲೂಕಿನಾಗ ಇನ್ನೊಬ್ಬ ಇಲ್ಲ. ಕೈಯಾಗಿನ ಲಾಭಕ್ಕ ನಾನ ತೂತು ಹೊಡದು, ಮ್ಯಾಲೆ ಕಾಗದ ಹಚ್ಚಿ, ಮತ್ತ ಗಿರಾಕಿಗೆ ಕರದು ತೋರ್ಸೇನಿ.

ಭಾಗ್ಯಶ್ರೀ: ಬೈದ್ರ ರೊಟ್ಟಿ ಆಗತಾವೇನು? ಕೊಡ್ರಿಲ್ಲೆ ಫೋನು.

ಅವಳು ಮೊಬೈಲು ಕಸಿದುಕೊಂಡಳು. ಫ್ಯಾನು ಹೋಗಿ, ಕಣ್ಣೊರೆಸಿಕೊಳ್ಳುತ್ತಿದ್ದ ಮುಮ್ತಾಜಬೇಗಂ ಮತ್ತೆ ಕಂಡಳು.

ಭಾಗ್ಯಶ್ರೀ: ಅಕ್ಕಾರ, ಕೂಡಿಡೋರ ಮಾತು ಬಿಡ್ರಿ. ಆಡೋ ಹುಡುಗರಿಗೆ ತೂತಿನ ಡಬ್ಬಿ ನಡೀತೈತೇನು?

ಮುಮ್ತಾಜಬೇಗಂ: ಡಬ್ಬಿ ಯಾರಿಗೆ ಬೇಕವ್ವ, ಹುಡುಗರು ಮೊದಲ ಅದನ್ನ ಹರದು ಒಗೀತಾರ. ಆದ್ರ ನಿಮ್ಮ ಯಜಮಾನ್ರು ಒಂದೊಂದರಾಗಿಂದ ಒಂದೊಂದ ಸಾಮಾನ ಎಳದಾರಲ್ಲ? ತಲಿ ಇಲ್ಲದ ನಿಂಜಾನ ಯಾರ ತಗೊಂತಾರ?

ಕೊಟ್ರೇಶ: (ಜಿಗಿದೆದ್ದು) ತಲಿ ಐತ್ರಿ! ತಲಿ ಐತಿ!

ಅನ್ನವ್ವ: ಯಾರಿಗೋ?

ಕೊಟ್ರೇಶ ಅದನ್ನು ಕಿವಿಗೆ ಹಾಕಿಕೊಳ್ಳದೆ ಟ್ರೆಜರಿಯ ಬಾಗಿಲು ತೆಗೆದು ಒಂದು ತಗಡಿನ ಪೆಟ್ಟಿಗೆ ಹೊರಗೆಳೆದ. ಅದರಲ್ಲಿ ಕಾಗದದ ಹದಿನಾಲ್ಕು ಪುಡಿಕೆಗಳು. ಒಂದೊಂದರ ಮೇಲೂ ಡಬ್ಬಿಯ ನಂಬರು, ತಂದ ತಾರೀಖು, ಮಾಲಿನ ಗುಣ. ಆರನೆಯದರ ಮೇಲೆ "ಒಣಗಿದೆ, ಹುಳ ಇಲ್ಲ" ಎಂದು ಅವನದೇ ಅಕ್ಷರದಲ್ಲಿ ಬರೆದಿತ್ತು.

ಕೊಟ್ರೇಶ: ಲಾಟ್ ಮಾರೂತನಕ ಸ್ಯಾಂಪಲ್ ಒಗಿಯೋ ಪದ್ಧತಿ ನಮ್ಮಲ್ಲಿಲ್ರಿ. ಒಂದ ತುಂಡು ಕಡಿಮಿ ಬಂದ್ರ ನನ್ನ ಹೆಸರ ಬದಲಿ ಮಾಡ್ರಿ.

ಅನ್ನವ್ವ ಆರನೆಯ ಪುಡಿಕೆ ಬಿಚ್ಚಿದಳು. ಹೊರಬಂದದ್ದು ಕಡಲೆಗಿಂತ ತುಸು ದೊಡ್ಡದಾದ ಒಂದು ತಲೆ, ಮೇಲೆ ಕರಿ ಮುಸುಕು. ಅವಳು ಉಗುರಿನಿಂದ ಮುಸುಕು ತೆಗೆದಳು. ಒಳಗೆ ಹುಬ್ಬು ಮೇಲಕ್ಕೇರಿಸಿಕೊಂಡು ಕಣ್ಣರಳಿಸಿದ ಹಳದಿ ಮುಖ.

ಅನ್ನವ್ವ: ಅಯ್ಯ ಪಾಪ, ಥೇಟ್ ನಮ್ಮ ಕೊಟ್ರ್ಯಾನಂಗ ಅದಾನ!

ಈಗ ಭಾಗ್ಯಶ್ರೀಗೆ ನಗು ತಡೆಯಲಾಗಲಿಲ್ಲ. ಕೊಟ್ರೇಶನೂ ಆ ಮುಖವನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದ, ಹೋಲಿಕೆಯನ್ನು ಅಲ್ಲಗಳೆಯಲು ಆಗಲಿಲ್ಲ. ಮುಮ್ತಾಜಬೇಗಂ ವ್ಯಾಪಾರಕ್ಕೆ ಇಳಿದಳು. ಕೊಂಡ ರೇಟಿನಲ್ಲಿ ಕಾಲುಭಾಗ ಮುರಿದು ಕೊಡುವುದು, ನಾಳೆ ತನ್ನ ಟಂಟಂ ಗಾಡಿ ಕಳಿಸಿ ಮಾಲು ಎತ್ತಿಸುವುದು, ಎತ್ತಿದ ಕೂಡಲೇ ದುಡ್ಡು.

ಮುಮ್ತಾಜಬೇಗಂ: ಹಂಗಾರ ಹದಿನಾಲ್ಕೂ ನನ್ನವು.

ಭಾಗ್ಯಶ್ರೀ: ಹದಿನಾಲ್ಕಲ್ರಿ, ಹದಿಮೂರು. ಒಂದು ತಿಳವಳ್ಳಿಗೆ ಹೋಗ್ತೈತಿ.

ಕೊಟ್ರೇಶ ಏನೋ ಹೇಳಲು ಬಾಯಿ ತೆರೆದ. ಅಂಗೈಯಲ್ಲಿದ್ದ ನಿಂಜಾ ಕಣ್ಣರಳಿಸಿ ಅವನನ್ನೇ ನೋಡುತ್ತಿತ್ತು. ಬಾಯಿ ಮುಚ್ಚಿಕೊಂಡ.

ಮುಮ್ತಾಜಬೇಗಂ: ಆಗಲೇ ಏನೋ ರೊಟ್ಟಿ ಅಂದ್ರಲ್ಲ ಅಕ್ಕಾರ? ಡಬ್ಬಿ ಜೋಡಿ ಹತ್ತ ಖಡಕ್ ರೊಟ್ಟಿ ಇಡ್ರಿ. ನಡದ್ರ ನನ್ನ ಅಂಗಡ್ಯಾಗೂ ಮಾರೂಣು.

ಭಾಗ್ಯಶ್ರೀ: ಇಡ್ತೇನ್ರಿ. ಒಂದಕ್ಕೂ ತೂತಿರಾಂಗಿಲ್ಲ.

ಮೊಬೈಲು ಆರಿತು. ಕೊಟ್ರೇಶ ಬೇವಿನ ಎಲೆಗಳನ್ನು ಗುಡಿಸಿ ಒಂದು ಕಡೆ ಮಾಡಿದ. ಬಳಿಕ ಹೆಂಡತಿಯ ಕೈಯಿಂದ ಉಳಿದ ಡಬ್ಬಿಗಳನ್ನು ತಾನೇ ಈಸಿಕೊಂಡು ಎತ್ತಿಟ್ಟ.

ಕೊಟ್ರೇಶ: ಕಡಿಮಿ ಬಿದ್ದದ್ದನ್ನ ನಾ ಗೊಂಜಾಳದ ಲಾಭದಾಗ ಹಾಕ್ತೇನಿ. ಐತಾರ ಹುಬ್ಬಳ್ಳಿಗೆ ಹೋಗಿ ಮಷೀನ್ ತಂದುಬಿಡೂಣು. ಸೋಮವಾರ ಶಿಗ್ಗಾಂವಿಯವರಿಗೆ ಹೂಂ ಅಂದುಬಿಡು.

ಭಾಗ್ಯಶ್ರೀ: ನಿಜಾನ?

ಕೊಟ್ರೇಶ: ನಿಜ. ಆದ್ರ ಒಂದ ಮಾತು. ಮಷೀನ್ ಅಂದ್ರ ದೊಡ್ಡ ಮಾಲು. ಪ್ಯಾಕ್ ಮ್ಯಾಲೆ ನಂಬಿಕಿ ಇಡಬಾರ್ದು. ಒಳಗೇನೈತಿ ಅಂತ ಒಮ್ಮೆ ನೋಡಿ...

ಹೇಳುತ್ತ ಹೇಳುತ್ತ ಅವನ ಬಲಗೈ ತನ್ನಷ್ಟಕ್ಕೆ ತಾನೇ ಮಂಚದ ಮೇಲಿನ ಕೊಳವೆಯ ಕಡೆಗೆ ಹೊರಟಿತ್ತು. ಭಾಗ್ಯಶ್ರೀ ಅದಕ್ಕಿಂತ ಮೊದಲೇ ಕೊಳವೆಯನ್ನೆತ್ತಿ ಅತ್ತೆಯ ಎಲೆ ಅಡಿಕೆ ಚೀಲದೊಳಗೆ ತುರುಕಿದಳು.

ಭಾಗ್ಯಶ್ರೀ: ಇದು ಅತ್ತಿ ಕಡೆ ಇರಲಿ. ಮಷೀನಿನ ಸ್ಯಾಂಪಲ್ ಅಂದ್ರ ರೊಟ್ಟಿ ಬರ್ತೈತಿ. ಅದನ್ನ ಮುರದು ನೋಡಾಕ ಕೈ ಸಾಕು, ನಿಮಗ ಮೊದಲಿಂದಾನ ರೂಢಿ ಐತಿ.