ರುದ್ರಸ್ವಾಮಿಯ ಕಿವಿ ಇಳಿದ ದಿನ

ಎಂಟು ದಿನದಿಂದ ಬದನೆಕಾಯಿಯಂತೆ ಊದಿಕೊಂಡಿದ್ದ ಬಲಗಿವಿ, ಡಾಕ್ಟರಿಗೆ ತೋರಿಸಬೇಕಾದ ದಿನದ ಬೆಳಿಗ್ಗೆಯೇ ಇಳಿದುಹೋಗಿತ್ತು. ಶಾಗ್ಯದ ಹಿಟ್ಟಿನ ಗಿರಣಿಯ ರುದ್ರಸ್ವಾಮಿ ಕನ್ನಡಿಯ ಮುಂದೆ ಕಣ್ಣು ಕಣ್ಣು ಬಿಟ್ಟ.

ಲಕ್ಷಕ್ಕೊಬ್ಬರಿಗೆ ಬರುವ ಉರಿಯೂತದ ಕಾಯಿಲೆ ಅವನದು. ಕಿವಿಗಷ್ಟೇ ಬಂದು ಹೋಗುತ್ತಿದ್ದದ್ದು ಹೋದ ವರ್ಷ ಗಂಟಲಿಗೂ ಇಳಿದು, ಉಸಿರು ಕಟ್ಟಿ, ಸತ್ತೇ ಹೋದೆ ಅಂದುಕೊಂಡಿದ್ದ. ಈಗ ಹೊಸ ಔಷಧಿಯೊಂದನ್ನು ಪರೀಕ್ಷೆ ಮಾಡಲು ರೋಗಿಗಳು ಬೇಕೆಂದು ಮೈಸೂರಿನ ಡಾಕ್ಟರಮ್ಮ ಕೊಳ್ಳೇಗಾಲಕ್ಕೆ ಬರುತ್ತಿದ್ದರು. ಉಳಿದಿದ್ದದ್ದು ಒಂದೇ ಜಾಗ.

"ವಾಸಿಯಾಯ್ತಲ್ಲ, ಒಳ್ಳೇದೇ ಆಯ್ತು ಬುಡಿ" ಅಂದಳು ಹೆಂಡತಿ ಮಾಲಿನಿ.

ಪಕ್ಕದ ಮನೆ ಶಂಕರಮ್ಮ ಒಪ್ಪಲಿಲ್ಲ. "ಊತನೇ ಇಲ್ದೆ ಓದ್ರೆ ಡಾಕ್ಟ್ರಮ್ಮ ಏನ್ನ ನೋಡದು? ಚೆನ್ನಾಗವ್ನೆ ಅಂತ ವಾಪಸ್ ಕಳಿಸ್ತಾರೆ ಅಷ್ಟೆ." ಹೇಳಿ ಸುಮ್ಮನಾಗದೆ, ಖಾರ ಅರೆದ ಕೈಯಲ್ಲೇ ಅವನ ಕಿವಿಯನ್ನು ತಿಕ್ಕಿದಳು. ಕಣ್ಣಲ್ಲಿ ನೀರು ಸುರಿಯಿತು, ಕಿವಿ ಮಾತ್ರ ಊದಲಿಲ್ಲ.

ಬಸ್ಸಿನಲ್ಲಿ ಪಕ್ಕದಲ್ಲೇ ಸಿಕ್ಕಿದವರು ರಿಟೈರಾದ ಮಹದೇವಯ್ಯ ಮೇಷ್ಟ್ರು. ರುದ್ರಸ್ವಾಮಿ ಗೋಳು ತೋಡಿಕೊಂಡ.

"ಇಷ್ಟೇ ತಾನೆ? ಬಗ್ಗು ಇತ್ತ" ಅಂದರು ಮೇಷ್ಟ್ರು.

ಹನ್ನೆರಡು ವರ್ಷ ಸುಮ್ಮನೆ ಕೂತಿದ್ದ ಕೈ. ಊರು ದಾಟುವಷ್ಟರಲ್ಲಿ ಹಳೆಯ ಹಿಡಿತ ಬಂತು. ಆಮೇಲೆ ಕೊಳ್ಳೇಗಾಲದವರೆಗೂ ಕಿವಿ ಬಿಡಲಿಲ್ಲ.

"ಏನ್ ಮಾಡ್ದ ಸಾ ಇವ್ನು?" ಕಂಡಕ್ಟರ್ ಕೇಳಿದ.

"ಏನೂ ಇಲ್ಲ ಕಣಪ್ಪ. ಅವ್ನೇ ಕೇಳ್ಕಂಡ, ಇಂಡ್ತಾ ಇವ್ನಿ."

ಜೊತೆಗೇ ಬಂದ ಮೇಷ್ಟ್ರನ್ನು ಹೊರಗೆ ಕೂರಿಸಿ, ಕೆಂಪಗೆ ಊದಿದ ಕಿವಿಯನ್ನು ಡಾಕ್ಟರಮ್ಮನ ಮುಂದೆ ಒಡ್ಡಿ ರುದ್ರಸ್ವಾಮಿ ಹೆಮ್ಮೆಯಿಂದ ಕುಳಿತ. ಅವರ ಮುಖ ಸಣ್ಣಗಾಯಿತು.

"ಈ ಔಷಧಿ ಊತ ಇಳಿದವರಿಗೆ ಮಾತ್ರ. ಮತ್ತೆ ಬರದ ಹಾಗೆ ತಡೆಯುತ್ತಾ ಅಂತ ನೋಡೋದು. ಕಿವಿ ಇಳಿದಿದ್ದಾಗ ಬಂದಿದ್ರೆ ಇವತ್ತೇ ಸೇರಿಸ್ಕೋತಿದ್ದೆ."

"ಬೆಳಿಗ್ಗೆ ಇಳ್ದಿತ್ತು ಮೇಡಂ. ಇದು ಕಾಯಿಲೆ ಅಲ್ಲ, ನಮ್ ಮೇಷ್ಟ್ರು ಇಂಡಿದ್ದು."

"ಔಷಧಿ ಬೇಕು ಅಂತ ಬಂದವರು ಏನೇನೋ ಹೇಳ್ತಾರೆ."

"ದೇವ್ರಾಣೆ ಮೇಡಂ. ಆಚೆ ಕುಂತವ್ರೆ, ನೀವೇ ಕೇಳಿ."

ಮೇಷ್ಟ್ರನ್ನು ಒಳಗೆ ಕರೆಸಿದರು. ಡಾಕ್ಟರಮ್ಮ ಬಿಳಿ ಹಾಳೆಯನ್ನೂ ಪೆನ್ನನ್ನೂ ಮುಂದಿಟ್ಟು, "ಇವರ ಕಿವಿ ಹಿಂಡಿದ್ದು ನೀವೇನಾ? ಹಾಗಿದ್ರೆ ಹೆಸರು ಬರೆದು ಸಹಿ ಹಾಕಿ" ಅಂದರು.

ಮಕ್ಕಳಿಗೆ ಹೊಡೆದ ಮೇಷ್ಟ್ರುಗಳ ಮೇಲೆ ಕೇಸಾಗುವುದನ್ನು ಮಹದೇವಯ್ಯ ದಿನಾ ಪೇಪರಿನಲ್ಲಿ ಓದುತ್ತಿದ್ದರು. ಪೆನ್ಷನ್ ನೆನಪಾಯಿತು. ರುದ್ರಸ್ವಾಮಿಯ ಕಡೆ ತಿರುಗದೆ, ಎರಡೂ ಕೈಯನ್ನು ಬೆನ್ನ ಹಿಂದಕ್ಕೆ ಕಟ್ಟಿಕೊಂಡರು.

"ನನ್ನ ಇಡೀ ಸರ್ವೀಸಲ್ಲೇ ಒಬ್ರ ಕಿವಿನೂ ಮುಟ್ಟಿದವನಲ್ಲ ಮೇಡಂ" ಅಂದರು.

ಡಾಕ್ಟರಮ್ಮ ಫೈಲು ಮುಚ್ಚಿ, ಮುಂದಿನವರನ್ನು ಕಳಿಸಲು ಹೇಳಿದರು.