ಕಡೇ ಫ್ಲಾಪಿ ಯಾರ ಕಡೆ ಐತ್ರಿ?

ಕಂಪ್ಯೂಟರ್ ಕೆಟ್ಟರೆ ತಮಾಷೆ ನಡೆಯುವುದು ಸಹಜ. ಆದರೆ ನಮ್ಮ ಕಡೆ ಅದು ಸರಿಯಾಗಿ ನಡೆಯುತ್ತಿದ್ದಾಗಲೂ ಏನಾದರೊಂದು ಆಗುತ್ತಲೇ ಇರುತ್ತದೆ. ತೊಂಬತ್ತರ ದಶಕದ ಕೊನೆಗೆ ನಾನು ಬೈಲಹೊಂಗಲದ ಬಜಾರಿನಲ್ಲಿ ಟೈಪಿಂಗ್, ಡಿಟಿಪಿ ಅಂಗಡಿ ತೆರೆದೆ. ಹೆಣ್ಣುಮಗಳೊಬ್ಬಳು ಕಂಪ್ಯೂಟರ್ ಇಟ್ಟಿದ್ದಾಳಂತೆ ಎಂದು ನೋಡಲಿಕ್ಕೇ ಅರ್ಧ ಊರು ಬಂದುಹೋಯಿತು. ಆಗ ನನಗೆ ಹಿಡಿದಿದ್ದ ಹುಚ್ಚು ಒಂದೇ, ಜಿಪ್. ಇದ್ದಬದ್ದ ಫೈಲುಗಳನ್ನೆಲ್ಲ ಒತ್ತಿ, ಸಣ್ಣದು ಮಾಡಿ, ಒಂದೇ ಗಂಟು ಕಟ್ಟಿ ಫ್ಲಾಪಿಯಲ್ಲಿ ತುಂಬಿಕೊಡುವ ಪ್ರೋಗ್ರಾಂ. ಮೊದಲ ಸಲ ಅದನ್ನು ನೋಡಿದ ದಿನ ಕುರ್ಚಿಯಿಂದೆದ್ದು ಒಬ್ಬಳೇ ಚಪ್ಪಾಳೆ ಹೊಡೆದಿದ್ದೆ! ಆಮೇಲೆ ಸಿಕ್ಕವರನ್ನು ನಾನು ಬಿಟ್ಟವಳಲ್ಲ. "ಕಂಪ್ಯೂಟರ್ ನಂಬಬ್ಯಾಡ್ರಿ. ಒಂದ ಪ್ರತಿ ತಗದು ಬ್ಯಾರೆ ಕಡೆ ಇಡ್ರಿ" ಎಂದು ಗಂಟುಬೀಳುತ್ತಿದ್ದೆ. ಪುಣ್ಯಾತ್ಮರು ನನ್ನ ಮಾತು ಕೇಳಿದರು. ಕೇಳಿದ್ದರಿಂದಲೇ ಇಷ್ಟೆಲ್ಲ ಆಯಿತು.

ಮಾಲು ಕರಿದೈತಿ

ನಮ್ಮೂರ ಹತ್ತಿ ಪ್ರೆಸ್ಸಿನ ಸಾವ್ಕಾರರಿಗೆ ಜಿಪ್ ಅಂದರೇನು ಎಂದು ವಿವರಿಸಲು ನಾನು ಬಾಯಿ ತೆರೆದಿದ್ದೆ ಅಷ್ಟೆ.

"ತಿಳೀತು ಬಿಡ್ರಿ ಅಕ್ಕಾರ. ನಾವು ಹತ್ತಿ ಅರಳಿ ಒತ್ತಿ ಅಂಡಿಗಿ ಕಟ್ಟತೇವಲ್ಲ, ಹಂಗ. ಬಿಚ್ಚಿದ ಮ್ಯಾಲೆ ತೂಕ ಎಷ್ಟ ಕಮ್ಮಿ ಬರತೈತಿ?"

"ಒಂದ ಎಳೀನೂ ಕಮ್ಮಿ ಬರೂದಿಲ್ರಿ."

ಸಾವ್ಕಾರರು ನಕ್ಕರು. "ಒಂದ ಎಳೀನೂ ಕಮ್ಮಿ ಬರದ ಪ್ರೆಸ್ ನಾ ಹುಟ್ಟಿದಾಗಿಂದ ಕಂಡಿಲ್ರಿ."

ಆದರೂ ಒಪ್ಪಿದರು. ಅವರ ವ್ಯಾಪಾರದ ಲೆಕ್ಕವನ್ನೆಲ್ಲ ಒತ್ತಿ ಒಂದು ಫ್ಲಾಪಿಯಲ್ಲಿ ತುಂಬಿಕೊಟ್ಟೆ. ಇಲ್ಲೇ ಇಡುವುದಕ್ಕಿಂತ ರಾಮದುರ್ಗದ ತಮ್ಮ ವಖಾರದಲ್ಲಿ, ಅಂದರೆ ಹತ್ತಿ ಗೋದಾಮಿನಲ್ಲಿ, ಇಡೋಣ ಎಂದು ಅವರೇ ಯೋಚಿಸಿದರು. ನನಗೋ ಖುಷಿಯೋ ಖುಷಿ. ಬೇರೆ ಊರಲ್ಲಿ ಒಂದು ಪ್ರತಿ ಇಡುವಷ್ಟು ಬುದ್ಧಿ ದೊಡ್ಡ ದೊಡ್ಡ ಆಫೀಸಿನವರಿಗೂ ಆಗ ಇರಲಿಲ್ಲ. ಫ್ಲಾಪಿಯನ್ನು ಗೋಣಿತಟ್ಟಿನಲ್ಲಿ ಸುತ್ತಿ, ಹತ್ತಿ ಲಾರಿಯ ಡ್ರೈವರನ ಕೈಗೆ ಕೊಟ್ಟರು. ರಾಮದುರ್ಗದ ಗುಮಾಸ್ತನಿಗೆ ಫೋನಿನಲ್ಲಿ "ಒತ್ತಿದ ಮಾಲು ಕಳಿಸೇನಿ, ಭದ್ರ ಇಡು" ಎಂದಷ್ಟೇ ಹೇಳಿದರು.

ಹತ್ತಿ ವಖಾರದ ಪದ್ಧತಿ ನಿಮಗೆ ಗೊತ್ತಿರಬಹುದು. ಬಂದ ಅಂಡಿಗೆಯ ತಟ್ಟು ಕೊಯ್ದು, ಒಳಗಿನಿಂದ ಒಂದು ಹಿಡಿ ಎಳೆದು, ಬಣ್ಣ ನೋಡಿ, ಎಳೆ ಜಗ್ಗಿ ನೋಡಿದ ಹೊರತು ಯಾವ ಮಾಲನ್ನೂ ಒಳಗೆ ಬಿಡುವುದಿಲ್ಲ. ಗುಮಾಸ್ತ ಅಪ್ಪಟ ಪ್ರಾಮಾಣಿಕ ಮನುಷ್ಯ. ಮರುದಿನ ಸಾವ್ಕಾರರ ಮುಂದೆ ನಾನು ಚಹಾ ಕುಡಿಯುತ್ತಿದ್ದಾಗಲೇ ಅವನ ಫೋನು ಬಂತು.

"ಸಾವ್ಕಾರ್ರ, ಹೊಸಾ ಮಾಲು ಬಂತ್ರಿ. ಮ್ಯಾಲಿನ ತಗಡ ಕಿತ್ತು ನಮೂನಿ ಎಳದು ನೋಡಿನ್ರಿ. ಪೂರಾ ಕರಿದೈತ್ರಿ! ಜಗ್ಗಿದ್ರ ಎಳಿನ ಬರವಲ್ದು. ದಾರ್‍ಯಾಗ ಮಳಿಗೆ ಸಿಕ್ಕಿರಬೇಕು. ಬಿಸಲಿಗೆ ಹಾಕೇನ್ರಿ, ಸಂಜೀತನಕಾ ಆರಬಹುದು."

ಬೀಗತಿಗೆ ಎರಡು ಸಲ

ಡಿಜಿಟಲ್ ಕ್ಯಾಮೆರಾ ಬಂದ ಹೊಸತು. ಸಂಪಗಾಂವದ ಒಬ್ಬರು ಮಗುವಿನ ತೊಟ್ಟಿಲ ಕಾರ್ಯದ ಫೋಟೋಗಳನ್ನು ಹಿಡಿದುಕೊಂಡು ಬಂದರು. ಜೊತೆಗೆ ಅವರ ತಾಯಿ, ಮೂಗಿಗೆ ನತ್ತು, ತಲೆತುಂಬ ಸೆರಗು. ಮೊಮ್ಮಗನ ಫೋಟೋ ಬೇರೆಯವರ ಕೈಯಲ್ಲಿ ಬಿಟ್ಟು ಇರಲಾರೆ ಎಂದು ಬಸ್ಸು ಹತ್ತಿ ಬಂದಿದ್ದ ಅಜ್ಜಿ. ನಾನು ಫೋಟೋಗಳನ್ನು ಜಿಪ್ ಮಾಡಿ ಸಿಡಿಗೆ ಹಾಕಲು ಕುಳಿತೆ.

"ಏನ ಮಾಡಾಕತ್ತಿ ತಂಗಿ?"

"ಎಲ್ಲಾ ಒತ್ತಿ ಒಂದ ಗಂಟ ಕಟ್ಟತೇನ್ರಿ ಆಯಿ."

ಅಜ್ಜಿ ಧಡಕ್ಕನೆ ಎದ್ದರು. "ತಡಿ, ತಡಿ! ಮೂರ ತಿಂಗಳ ಕೂಸೈತಿ ಅದು! ಮೊದಲ ಈಟ ಐತಿ, ಅದನ್ನೇನ ಒತ್ತತೀ?"

ಬಿಚ್ಚಿದರೆ ಮತ್ತೆ ಇದ್ದ ಹಾಗೇ ಬರುತ್ತದೆ ಎಂದು ನಾನು ಹೇಳಿದೆ, ಮಗ ಹೇಳಿದರು, ಪಕ್ಕದ ಅಂಗಡಿಯವರೂ ಬಂದು ಹೇಳಿದರು. ಅಜ್ಜಿ ಯಾರ ಮಾತನ್ನೂ ಕೇಳಲಿಲ್ಲ. ಕೊನೆಗೆ ತಮ್ಮದೇ ಒಂದು ಫೋಟೋ ತೋರಿಸಿ, "ಮೊದಲ ನನ್ನ ಒತ್ತಿ ತೋರಸು" ಎಂದು ಹುಕುಂ ಮಾಡಿದರು. ಒತ್ತಿದೆ, ಬಿಚ್ಚಿದೆ. ಅಜ್ಜಿ ಪರದೆಯ ಹತ್ತಿರ ಮುಖ ತಂದು ತಮ್ಮನ್ನು ತಾವೇ ತಲೆಯಿಂದ ಕಾಲಿನವರೆಗೆ ಪರೀಕ್ಷಿಸಿದರು. ನತ್ತಿನ ಮುತ್ತು ಕೂಡ ಎಣಿಸಿದರು.

"ಬರೋಬರಿ ಐತಿ. ಕೂಸಿನ್ನ ಸಾವಕಾಶ ಒತ್ತು" ಎಂದು ಅಪ್ಪಣೆ ಕೊಟ್ಟರು.

ಮಗ ಹೊರಗೆ ಹೋಗಿದ್ದು ನೋಡಿ ಅಜ್ಜಿ ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡರು. ರೇಷ್ಮೆ ಸೀರೆ ಉಟ್ಟು ನಡುಮಧ್ಯ ನಿಂತಿದ್ದ ದಪ್ಪನೆಯ ಹೆಂಗಸನ್ನು ಬೆರಳಿನಿಂದ ತೋರಿಸಿ ಪಿಸುಗುಟ್ಟಿದರು. "ಇಕಿ ನಮ್ಮ ಬೀಗತಿ. ಅವತ್ತ ಭಾಳ ಉಬ್ಬಿ ಉಬ್ಬಿ ಅಡ್ಡಾಡ್ಯಾಳ. ಇಕೀನ್ನ ಎರಡ ಸಲ ಒತ್ತು."

ಕಿತ್ತೂರಿನ ಪಂಚರು

ಕಿತ್ತೂರಿನ ಒಬ್ಬ ನಿವೃತ್ತ ತಲಾಟಿಯವರು ಕಂಪ್ಯೂಟರ್ ಕೊಂಡು ತಮ್ಮ ಸರ್ವಿಸಿನ ನೆನಪುಗಳನ್ನು ಟೈಪ್ ಮಾಡುತ್ತಿದ್ದರು. ಜೀವಮಾನವಿಡೀ ಹೊಲದ ಕಾಗದಪತ್ರ ನೋಡಿದ ಮನುಷ್ಯ. ಅವರಿಗೆ ಜಿಪ್ ಹಾಕಿಕೊಡಲು ಉಮೇದಿನಿಂದ ಬಸ್ಸು ಹತ್ತಿ ಹೋದೆ. ಪ್ರೋಗ್ರಾಂ ಹಾಕುವಾಗ ನಡುವೆ ಉದ್ದನೆಯ ಇಂಗ್ಲಿಷ್ ಕರಾರು ಬಂದು, ಒಪ್ಪುತ್ತೀರಾ ಎಂದು ಕೇಳುತ್ತದಲ್ಲ, ಅಲ್ಲಿಗೆ ಬಂತು. ನಾನು ಒಪ್ಪಿಗೆಯ ಬಟನ್ ಒತ್ತಲು ಹೋದೆ. ಅವರು ನನ್ನ ಕೈ ತಡೆದರು.

"ಏನ ಬರದಾರದು?"

"ಏನಿಲ್ರಿ ಕಾಕಾರ. ಎಲ್ಲಾರೂ ಓದದ ಹೂಂ ಅಂತಾರ."

"ಓದದ ಹೂಂ ಅಂದ ಎಷ್ಟ ಮಂದಿ ಹೊಲಾ ಕಳಕೊಂಡಾರ, ನನಗ ಗೊತ್ತೈತಿ. ಪಂಚರನ್ನ ಕರಸೂಣು."

ತಮಾಷೆ ಅಂದುಕೊಂಡೆ. ಆದರೆ ಸ್ವಲ್ಪ ಹೊತ್ತಿನಲ್ಲಿ ಕಟ್ಟೆಯ ಮೇಲಿದ್ದ ಹಿರಿಯರೆಲ್ಲ ರುಮಾಲು ಸರಿಮಾಡಿಕೊಳ್ಳುತ್ತ ಬಂದು ಜಮಖಾನದ ಮೇಲೆ ಕುಳಿತರು. ಪಂಚರು ಕೂಡಿದ ಸುದ್ದಿ ಓಣಿಯಲ್ಲಿ ಹಬ್ಬಿತು. ಪಕ್ಕದ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ತಲಾಟಿಯವರ ಹೆಂಡತಿ ಹಿಟ್ಟಿನ ಕೈಯಲ್ಲೇ ಓಡಿಬಂದರು.

"ಏನ್ರಿ, ಹೊಲಾ ಬರದ ಕೊಡಾಕತ್ತೀರಂತ? ಕೊಡೂದಿದ್ರ ನಿಮ್ಮಪ್ಪಂದ ಕೊಡ್ರಿ. ನನ್ನ ತವರಮನಿ ಹೊಲಕ್ಕ ಕೈ ಹಚ್ಚಿದ್ರ ನೋಡ್ರಿ ಮತ್ತ!"

ಅವರನ್ನು ಸಮಾಧಾನ ಮಾಡಿ, ಆ ಕರಾರನ್ನೆಲ್ಲ ನಾನು ಕನ್ನಡದಲ್ಲಿ ಬಿಡಿಸಿ ಹೇಳಬೇಕಾಯಿತು. ಗಂಟಲು ಒಣಗಿತು, ಚಹಾ ಎರಡು ಸುತ್ತು ಆಯಿತು. ಪಂಚರು ಕಣ್ಣುಮುಚ್ಚಿ, ತಲೆದೂಗುತ್ತ ಪೂರ್ತಿ ಕೇಳಿದರು. ಇನ್ನೇನು ಒಪ್ಪಿದರು ಅನ್ನುವಾಗ ಎಲ್ಲರಿಗಿಂತ ಹಿರಿಯರು ಕೈ ಎತ್ತಿದರು.

"ಎಲ್ಲಾ ಬರೋಬರಿ ಐತಿ ತಂಗಿ. ಖರೆ, ಚಕ್ಕುಬಂದಿನ ಬರದಿಲ್ಲಲ್ಲ! ಮೂಡಣಕ ಯಾರ ಹೊಲಾ, ಪಡುವಣಕ ಯಾರ ಹೊಲಾ?"

ಹವಾಲ್ದಾರನ ಹಾಡು

ಇದನ್ನು ಹೇಳುವಾಗ ನನಗೆ ಈಗಲೂ ನಗು ತಡೆಯಲಾಗುವುದಿಲ್ಲ.

ಸವದತ್ತಿ ಕಡೆಯ ಒಂದು ಹಳ್ಳಿಯ ಮಾಸ್ತರರು ನಾಟಕ ಬರೆಯುತ್ತಿದ್ದರು. ಊರಿನ ಗಂಡಸರೇ ಪಾತ್ರ ಮಾಡುವವರು, ಹಿರೋಯಿನ್ ಮಾತ್ರ ಹೊರಗಿನಿಂದ. ಮಾಸ್ತರರಿಗೆ ಇದ್ದದ್ದು ಒಂದೇ ಭಯ. ಪಕ್ಕದೂರಿನವರು ಡೈಲಾಗು ಕದಿಯುತ್ತಾರೆ ಎಂದು. ಆ ವರ್ಷದ ಹೊಸ ನಾಟಕವನ್ನು ಪುಸ್ತಕ ಮಾಡಿಸಲು ನನ್ನಲ್ಲಿ ಟೈಪ್ ಮಾಡಿಸಿದರು. ಪುಸ್ತಕದಲ್ಲಿ ಪ್ರತಿ ಪಾತ್ರಧಾರಿಗೂ ಪುಟದ ತುಂಬ ಫೋಟೋ. ಅದರಿಂದಾಗಿ ಒತ್ತಿದ ಮೇಲೂ ಆ ನಾಟಕ ಒಂದು ಫ್ಲಾಪಿಯಲ್ಲಿ ಹಿಡಿಯಲಿಲ್ಲ, ಏಳು ಬೇಕಾದವು.

"ಜ್ವಾಕಿ ಮಾಸ್ತರ. ಇದರಾಗ ಒಂದ ಕಳದ್ರೂ ಉಳಿದ ಆರೂ ತೆರಿಯೂದಿಲ್ಲ" ಎಂದು ಹೆದರಿಸಿದೆ.

ಮಾಸ್ತರರ ಮುಖ ಅರಳಿತು. "ಭಾಳ ಚಲೋ ಆತಲ್ಲ! ನಮ್ಮೂರ ಪಾತ್ರಧಾರಿಗಳು ಏಳ ಮಂದಿ. ತಲಿಗೊಂದ ಕೊಟ್ಟಬಿಡತೇನಿ. ಈಗ ಕದೀಲಿ ನೋಡೂಣು!"

ಪಾತ್ರದ ದರ್ಜೆ ನೋಡಿ ಹಂಚಿದರು. ಮೊದಲನೆಯದು ಹೀರೋಗೆ, ಎರಡನೆಯದು ವಿಲನ್‌ಗೆ, ಹೀಗೆ ಇಳಿಯುತ್ತ ಕಡೆಯದು ಹವಾಲ್ದಾರನಿಗೆ. ಈ ಹವಾಲ್ದಾರ ಊರಲ್ಲಿ ಹಿಟ್ಟಿನ ಗಿರಣಿ ನಡೆಸುವವನು. ನಾಟಕದಲ್ಲಿ ಅವನಿಗೆ ಕಡೇ ಸೀನಿನಲ್ಲಿ ಬಂದು, ವಿಲನ್‌ಗೆ ಬೇಡಿ ಹಾಕಿ, "ನಡಿ ಠಾಣೆಗೆ" ಅನ್ನುವುದಷ್ಟೇ ಕೆಲಸ. ಇಷ್ಟಾದ ಮೇಲೆ ಮಾಸ್ತರರು ಕೈಬರಹದ ಪ್ರತಿಯನ್ನು, ಯಾರ ಕೈಗೂ ಸಿಗಬಾರದೆಂದು, ಬಚ್ಚಲ ಒಲೆಗೆ ಹಾಕಿ ಸ್ನಾನ ಮಾಡಿಬಿಟ್ಟರು.

ಮುಂದಿನ ವಾರವೇ ನಮ್ಮ ಬಜಾರಿನಲ್ಲಿ ಕರೆಂಟು ಸಿಕ್ಕಾಪಟ್ಟೆ ಏರಿ ನನ್ನ ಹಾರ್ಡ್‌ಡಿಸ್ಕ್ ಸುಟ್ಟುಹೋಯಿತು. ಸುದ್ದಿ ಕೇಳಿದ ಮಾಸ್ತರರು ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕುಳಿತರು. ಪುಸ್ತಕ ಇನ್ನೂ ಅಚ್ಚಿಗೆ ಹೋಗಿರಲಿಲ್ಲ, ಆಟದ ದಿನ ಹತ್ತಿರ ಬಂದಿತ್ತು. ಆ ನಾಟಕ ಈಗ ಭೂಮಿಯ ಮೇಲೆ ಉಳಿದಿದ್ದು ಆ ಏಳು ಫ್ಲಾಪಿಗಳಲ್ಲಿ ಮಾತ್ರ.

ಹೊಸ ಹಾರ್ಡ್‌ಡಿಸ್ಕ್ ಹಾಕಿಸಿದೆ. ಪಾತ್ರಧಾರಿಗಳೆಲ್ಲ ಫ್ಲಾಪಿ ಹಿಡಿದುಕೊಂಡು ಟ್ರ್ಯಾಕ್ಟರಿನಲ್ಲಿ ಬಂದಿಳಿದರು. ಹೀರೋ ಕಾಲರ್ ಸರಿಮಾಡಿಕೊಂಡು ಮುಂದೆ ಬಂದು ಒಂದನೇ ಫ್ಲಾಪಿ ಕೊಟ್ಟ. ಕಂಪ್ಯೂಟರ್ ಅದನ್ನು ಮೂಸಿಯೂ ನೋಡಲಿಲ್ಲ. ಮೊದಲು ಕಡೇ ಫ್ಲಾಪಿ ಹಾಕಿ ಎಂದಿತು. ಆ ಪ್ರೋಗ್ರಾಮಿನ ರೀತಿಯೇ ಹಾಗೆ, ಯಾವುದು ಎಲ್ಲಿದೆ ಎಂಬ ವಿವರವೆಲ್ಲ ಕಡೆಯದರಲ್ಲಿರುತ್ತದೆ.

"ಕಡೇ ಫ್ಲಾಪಿ ಯಾರ ಕಡೆ ಐತ್ರಿ?" ಎಂದು ಕೇಳಿದೆ.

ಎಲ್ಲರೂ ತಿರುಗಿ ನೋಡಿದರು. ಬಾಗಿಲ ಬಳಿ ಗಿರಣಿಯವನು ನಿಂತಿದ್ದ. ಇಷ್ಟು ಜನ ಅವನನ್ನು ಒಟ್ಟಿಗೆ ನೋಡಿದ್ದು ಅದೇ ಮೊದಲು. ಅವನ ಎದೆ ನಿಧಾನವಾಗಿ ಮುಂದೆ ಬಂತು. ಅಂಗಿಯ ಒಳಕಿಸೆಯ ಮೇಲೆ ಕೈ ಇಟ್ಟುಕೊಂಡು, ಗಿರಣಿ ಸದ್ದಿನಲ್ಲಿ ಮಾತಾಡಿ ರೂಢಿಯಾದ ಗಂಟಲಲ್ಲಿ ಹೇಳಿದ.

"ಮಾಸ್ತರ, ನನಗೊಂದ ಹಾಡ ಬೇಕ್ರಿ."

"ಹವಾಲ್ದಾರ ಹಾಡ ಹಾಡತಾನೇನೋ ಹುಚ್ಚಪ್ಯಾಲಿ?"

"ಹಂಗಾರ ಕೊಡೂದಿಲ್ರಿ."

ಹೀರೋ ಬೈದ, ವಿಲನ್ ಕಾಲಿಗೆ ಬಿದ್ದ. ಇವನು ಅಲ್ಲಾಡಲಿಲ್ಲ. ಮಾಸ್ತರರು ಹಲ್ಲು ಕಡಿದು ಒಪ್ಪಿದರು. ಫ್ಲಾಪಿ ಒಳಗೆ ಹೋಯಿತು, ಕಂಪ್ಯೂಟರ್ ಓದಿತು, ಇನ್ನು ಒಂದನೆಯದು ಕೊಡಿ ಎಂದಿತು. ತನ್ನ ಫ್ಲಾಪಿ ಹೊರಗೆ ಬಂದದ್ದೇ ಗಿರಣಿಯವನು ಅದನ್ನು ಮತ್ತೆ ಕಿಸೆಗೆ ಇಳಿಸಿಬಿಟ್ಟ. ಒಂದು, ಎರಡು, ಮೂರು... ಒಂದೊಂದೂ ಕರಕರ ಎನ್ನುತ್ತ ಒಳಹೋಯಿತು. ಆರನೆಯದೂ ಮುಗಿಯಿತು. ಕಂಪ್ಯೂಟರ್ ಕೇಳಿತು, ಈಗ ಕಡೇ ಫ್ಲಾಪಿ ಮತ್ತೊಮ್ಮೆ.

"ಮತ್ತೇನಪಾ ನಿಂದು?" ಮಾಸ್ತರರು ಕೈ ಮುಗಿದರು.

"ಹಾಡ ಒಬ್ಬಾವ ಹೆಂಗ ಹಾಡ್ಲಿ ಮಾಸ್ತರ? ಹಿರೋಯಿನ್ ಜೋಡಿ ಬೇಕ್ರಿ."

ಹೀರೋ ಅವನ ಮೇಲೆ ಏರಿಹೋದ. ನಾಲ್ಕು ಜನ ಹಿಡಿದರು. ಮಾಸ್ತರರು ಒಂದು ಸಲ ಪರದೆ ನೋಡಿದರು, ಒಂದು ಸಲ ಆ ಕಿಸೆ ನೋಡಿದರು. "ಆತಪಾ, ಹಾಡು" ಎಂದರು. ನಾಟಕ ತೆರೆಯಿತು, ಪೂರ್ತಿ, ಒಂದು ಅಕ್ಷರವೂ ತಪ್ಪದೆ! ನಾನು ಕುಣಿದೇಬಿಟ್ಟೆ. ಮಾಸ್ತರರು ಕಣ್ಣೊರೆಸಿಕೊಂಡರು.

ಆಟಕ್ಕೆ ನನಗೆ ಮುಂದಿನ ಸಾಲಿನಲ್ಲೇ ಕುರ್ಚಿ ಹಾಕಿಸಿದ್ದರು. ಕಡೇ ಸೀನು. ಹೀರೋನ ತಾಯಿಯನ್ನು ವಿಲನ್ ಗುಂಡಿಕ್ಕಿ ಕೊಂದಿದ್ದಾನೆ. ಹೆಣ ಮಲಗಿದೆ, ಹೀರೋ ಗೋಳಾಡುತ್ತಿದ್ದಾನೆ, ಮಂದಿಯೂ ಮೂಗೊರೆಸಿಕೊಳ್ಳುತ್ತಿದ್ದಾರೆ. ಆಗ ಖಾಕಿ ತೊಟ್ಟು ಹವಾಲ್ದಾರ ಬಂದ. ವಿಲನ್ ಬೇಡಿಗೆ ಎರಡೂ ಕೈ ಚಾಚಿದ. ಹವಾಲ್ದಾರ ಅತ್ತ ನೋಡಲೇ ಇಲ್ಲ. ನೇರ ಹೋಗಿ ಹಿರೋಯಿನ್‌ಳ ಕೈ ಹಿಡಿದು ಹಾಡಲು ಶುರುಮಾಡಿದ. ಏನು ಗಂಟಲು ಅದು! ಮಂದಿ ಕಣ್ಣೀರು ಮರೆತು ಸಿಳ್ಳೆ ಹೊಡೆದರು. ಒನ್ಸ್ ಮೋರ್ ಅಂದರು. ಮತ್ತೆ ಹಾಡಿದ. ಮತ್ತೆ ಒನ್ಸ್ ಮೋರ್. ಸತ್ತ ತಾಯಿ ಮಲಗಿದ್ದಲ್ಲೇ ಕಾಲಿನಿಂದ ತಾಳ ಹಾಕತೊಡಗಿದಳು. ಪಾಪ, ವಿಲನ್ ಮಾತ್ರ ಚಾಚಿದ ಕೈ ಚಾಚಿದಂತೆಯೇ ನಿಂತಿದ್ದ. ಇನ್ನೊಮ್ಮೆ ಒನ್ಸ್ ಮೋರ್ ಎದ್ದಾಗ ಅವನ ತಾಳ್ಮೆ ಮುಗಿಯಿತು. ಕೈ ಇಳಿಸಿ, ಮೈಕಿನ ಹತ್ತಿರ ಬಂದು ಹೇಳಿದ.

"ಸಾಹೇಬ್ರ, ನಾನ ಠಾಣೆಗೆ ಹೋಗಿ ಕುಂತಿರತೇನ್ರಿ. ನೀವು ಹಾಡ ಮುಗಿಸಿ ಸಾವಕಾಶ ಬರ್ರಿ."